ವಾಡಿಯ ಫರ್ಸಿ ತೊಟ್ಟಿಯಲ್ಲೊಂದು ಸಮುದ್ರ

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವ ರೀತಿ ಒಂದೇ. ಕಾಕು ಸಮುದ್ರದ ದಂಡೆಯಲ್ಲಿ ನಿಂತು ಕಾಕಾನ ಅಂಗಿ ಕೊಡವಿ ಝಾಡಿಸಿದಳು, ಜೇಬಿನಲ್ಲಿದ್ದ ಮುತ್ಯಾನ ಹಿತ್ತಾಳೆ ಬಿಲ್ಲೆ ಹಾರಿ ಮರಳಿಗೆ ಬಿತ್ತು, ತೆರೆ ಬಂದು ಒಯ್ದಿತು. ಆಮೇಲೆ ನಾನು, ಅಂದರೆ ಮನೆಯ ವಾದಗಾರ್ತಿ, ಎಲ್ಲರ ಜೊತೆ ಜಗಳವಾಡಿ ಲೋಹ ಹುಡುಕುವ ತಪ್ಪು ಮಷಿನ್ ಆರಿಸಿದೆ. ಬಿಲ್ಲೆ ಸಿಗಲಿಲ್ಲ. ಹೇಳಿ ಮುಗಿಸಲು ಅರ್ಧ ಕಪ್ ಚಹಾ ಸಾಕು. ಇದರಲ್ಲಿ ನಾನು ಒಪ್ಪುವುದು ಕೊನೆಯ ಎರಡು ಪದ ಮಾತ್ರ.

ಕಾಕಾ ಎಂದರೆ ಅಪ್ಪನ ತಮ್ಮ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಬೆಲ್ಟಿನ ಪಕ್ಕ ನಿಂತು ಆಯುಷ್ಯ ಕಳೆದು ಈಚೆಗೆ ನಿವೃತ್ತರಾದವರು. ಕಾಕು ಅವರ ಹೆಂಡತಿ, ಸೇಡಂ ಕಡೆಯವಳು. ಕಾಕಾನಿಗೂ ಮೊದಲು ಅವರಪ್ಪ, ಅಂದರೆ ನಮ್ಮ ಮುತ್ಯಾ, ಶಹಾಬಾದಿನ ಹಳೆಯ ಕಾರ್ಖಾನೆಯೊಂದರಲ್ಲಿ ಇದ್ದವನು. ಆಗ ಗೇಟಿನಲ್ಲಿ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಿಲ್ಲೆ ತೋರಿಸಿದರೆ ಹಾಜರಿ, ಮರೆತು ಬಂದರೆ ಮನೆಗೆ ವಾಪಸ್. ಕಾರ್ಖಾನೆ ಮುಚ್ಚಿತು, ಮುತ್ಯಾ ತೀರಿದ, ಬಿಲ್ಲೆ ಉಳಿಯಿತು. ಅಂಕಿ ಸವೆದು ನುಣ್ಣಗಾಗಿದ್ದ ಅದನ್ನು ಕಾಕಾ ದಿನಾ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುತ್ಯಾನದೊಂದು ಫೋಟೋ ಸಹ ನಮ್ಮ ಮನೆಯಲ್ಲಿಲ್ಲ. ಇದ್ದದ್ದು ಇದೊಂದೇ.

ಹೋದ ವರ್ಷ ಓಣಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಕಾರವಾರದ ಕಡೆ ಸಮುದ್ರ ನೋಡಲು ಹೋಗಿದ್ದರು. ಬಿಲ್ಲೆ ಹೋದದ್ದು ಆಗ. ಊರಿಗೆ ಬಂದ ದಿನವೇ ಆಯಿ, ಅಂದರೆ ಮುತ್ಯಾನ ಹೆಂಡತಿ, ತೀರ್ಪು ಕೊಟ್ಟಳು. ಇಪ್ಪತ್ತು ವರ್ಷದಿಂದ ಕಾಕುವಿನ ಸೊಂಟದಲ್ಲಿದ್ದ ಕೀಲಿ ಗೊಂಚಲು ಬಿಚ್ಚಿಸಿಕೊಂಡು ತನ್ನ ಸೆರಗಿಗೆ ಕಟ್ಟಿಕೊಂಡಳು. ಅಂದಿನಿಂದ ಕಾಕು ಸಕ್ಕರೆ ಬೇಕಾದರೂ ಆಯಿಯ ಮಂಚದ ಮುಂದೆ ನಿಲ್ಲಬೇಕು. ಮನೆಯಲ್ಲಿ ಏನೇ ಕಾಣದಾದರೂ, ಚಾಳೀಸಾಗಲಿ, ಟಾರ್ಚಾಗಲಿ, ಒಮ್ಮೆ ಪಕ್ಕದ ಮನೆಯ ಬೆಕ್ಕಾಗಲಿ, ಆಯಿಯದು ಒಂದೇ ಮಾತು: "ಸಮುದ್ರಕ್ಕ ಹೋಗಿರ್ಬೇಕು. ಇಕಿನ್ನ ಕೇಳ್ರಿ."

ನಾನು ಚಿತ್ತಾಪುರದಲ್ಲಿ ಓದುತ್ತಿದ್ದಾಗ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಕಾಕುವಿನ ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ತುಂಬಿಕೊಂಡು ನಿಂತಿವೆ. ಒಂದು ದಿನ ಆಕೆ ಅವುಗಳಲ್ಲೊಂದನ್ನು ನನ್ನ ಮುಂದಿಟ್ಟಳು.

"ವಕೀಲ್ ಸಾಬ್ರ, ಇಷ್ಟ್ ದಿವಸ ಕಪ್ಪಿನ ಸಲುವಾಗಿ ವಾದ ಮಾಡೀರಿ. ಈಗ ನನ್ನ ಕೀಲಿ ಸಲುವಾಗಿ ಮಾಡ್ರಿ."

"ಸಾಕ್ಷಿ ಏನದ ಕಾಕು?"

"ಸಾಕ್ಷಿ ಸಮುದ್ರದಾಗ ಬಿದ್ದದ. ನನಗ ಅಂಗಿ ಝಾಡಿಸಿದ್ದೇ ನೆಪ್ಪಿಲ್ಲ. ಆದ್ರ ಎಲ್ಲಾರೂ ಝಾಡಿಸಿದಿ, ಝಾಡಿಸಿದಿ ಅಂದ್ರು. ನಾನೂ ಹೂಂ ಅಂದೆ. ಬಿಲ್ಲೆ ಹುಡುಕಿ ತಂದು ಅತ್ತಿ ಕೈಯಾಗ ಇಟ್ರ ಮುಗೀತು."

ಅಂಗಿ ಝಾಡಿಸಿದ್ದೇ ನೆನಪಿಲ್ಲ ಎಂಬ ಮಾತು ಆ ದಿನವೇ ನನ್ನ ಕಿವಿಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ನನ್ನ ತಲೆ ಆಗಲೇ ಮಷಿನ್ ಆರಿಸಲು ಓಡಿತ್ತು.

ಓದಿ ತಿಳಿದದ್ದು ಇಷ್ಟು. ಒಣ ನೆಲದಲ್ಲಿ ಚೆನ್ನಾಗಿ ಕೆಲಸ ಮಾಡುವ ಮಷಿನ್ ಸಮುದ್ರದ ದಂಡೆಯಲ್ಲಿ ಹುಚ್ಚು ಹಿಡಿದಂತೆ ಆಡಬಹುದು. ಉಪ್ಪು ನೀರಿನಲ್ಲಿ ಕರೆಂಟು ಹರಿಯುತ್ತದೆ, ಹಾಗಾಗಿ ಹಸಿ ಮರಳೇ ಒಂದು ದೊಡ್ಡ ಲೋಹದ ತಗಡೆಂದು ಸಾದಾ ಮಷಿನ್ ತಿಳಿದುಬಿಡುತ್ತದೆ. ಇದಕ್ಕೆ ಎರಡು ಉಪಾಯ. ಒಂದು, ಮಿಡಿದು ಮಿಡಿದು ಕೇಳುವ ಪಲ್ಸ್ ಮಷಿನ್: ಉಪ್ಪಿಗೆ ಹೆದರುವುದಿಲ್ಲ, ಆಳಕ್ಕೂ ಹೋಗುತ್ತದೆ, ಆದರೆ ಮೊಳೆಗೂ ಹಿತ್ತಾಳೆಗೂ ಭೇದ ಮಾಡದೆ ಎಲ್ಲಕ್ಕೂ ಕೂಗುತ್ತದೆ. ಇನ್ನೊಂದು, ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿಯಲ್ಲಿ ಕೇಳಿ ಉಪ್ಪಿನ ಗದ್ದಲವನ್ನು ಬದಿಗೆ ಸರಿಸಿ, ಸಿಕ್ಕದ್ದು ಕಬ್ಬಿಣವೋ ಬೇರೆಯೋ ಎಂದು ಅಂಕಿಯಲ್ಲಿ ತೋರಿಸುವ ಮಷಿನ್. ತೆರೆಯ ಅಂಚಿನಲ್ಲಿ ಹುಡುಕುವುದಾದರೆ ತಟ್ಟೆಯಂಥ ಕಾಯಿಲ್ ಮಾತ್ರವಲ್ಲ, ಮೇಲಿನ ಡಬ್ಬಿಯೂ ನೀರು ತಡೆಯಬೇಕು.

ಕಾಕಾನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ನಕ್ಕುಬಿಟ್ಟರು. ಅದಕ್ಕೆ ಕಾರಣವಿತ್ತು. ಕಾರ್ಖಾನೆಯಲ್ಲಿ ಸುಣ್ಣದ ಕಲ್ಲು ಹೊತ್ತು ಬರುವ ಬೆಲ್ಟಿನ ಮೇಲೆ ಲೋಹ ಹಿಡಿಯುವ ಕಮಾನು ಇರುತ್ತದೆ. ಗಣಿಯಲ್ಲಿ ಅಗೆಯುವ ಯಂತ್ರದ ಬಕೆಟ್ಟಿನಿಂದ ಮುರಿದ ಉಕ್ಕಿನ ಹಲ್ಲು ಕಲ್ಲಿನೊಳಗೆ ಅಡಗಿ ಬಂದರೆ ಅದು ಕೂಗಿ ಬೆಲ್ಟ್ ನಿಲ್ಲಿಸುತ್ತದೆ, ಇಲ್ಲದಿದ್ದರೆ ಕಲ್ಲು ಪುಡಿ ಮಾಡುವ ಕ್ರಶರ್ ಗತಿ ಮುಗಿಯಿತು. ಆ ಕೂಗಿಗೆ ಓಡಿ ಹೋಗಿ ಹಲ್ಲು ಹೆಕ್ಕುವುದೇ ಕಾಕಾನ ಕೆಲಸವಾಗಿತ್ತು.

"ಮಷಿನ್ ತಲಿ ಓಡಿಸಬಾರ್ದು ತಂಗಿ. ಒದರಬೇಕು. ತಲಿ ನಮ್ಮದು. 'ಇದು ಸಣ್ಣದದ, ಇರ್ಲಿ ಬಿಡು' ಅಂತ ಮಷಿನೇ ಅಂದ್ಬಿಟ್ರ ಕ್ರಶರ್ ಕಥಿ ಏನು?"

"ದಂಡಿಮ್ಯಾಗ ಕ್ರಶರ್ ಇಲ್ರಿ ಕಾಕಾ. ಸೋಡಾ ಬಾಟ್ಲಿ ಮುಚ್ಚಳ ಅವ. ಎಲ್ಲಾದಕ್ಕೂ ಒದರಿದ್ರ ಸಾಯೋತನ ಅಗೀಬೇಕು."

"ಅಗೀಬೇಕು. ಏನಾಯ್ತು? ನಮ್ಮ ಮನೆತನದ ಕಸುಬೇ ಅಗಿಯೋದು."

ಹೀಗೆ ವಾದಕ್ಕೆ ವಿಷಯ ಸಿಕ್ಕಿತು: ಕೂಗುವ ಮಷಿನ್ನೋ, ವಿಚಾರಿಸುವ ಮಷಿನ್ನೋ? ಆದರೆ ಪರೀಕ್ಷೆಗೆ ಸಮುದ್ರ ಬೇಕು, ನಾವಿರುವುದು ವಾಡಿಯಲ್ಲಿ. ಇಲ್ಲಿ ಎಲ್ಲಿ ಅಗೆದರೂ ಕಲ್ಲು. ಮನೆಯ ನೆಲ ಫರ್ಸಿ ಕಲ್ಲು, ಗೋಡೆ ಫರ್ಸಿ, ಬಟ್ಟೆ ಒಗೆಯುವ ಹಾಸು ಫರ್ಸಿ. ಹಿತ್ತಿಲಲ್ಲಿ, ಎಮ್ಮೆ ಇದ್ದ ಕಾಲಕ್ಕೆ ಅದಕ್ಕೆ ನೀರು ಕುಡಿಸಲು ನಾಲ್ಕು ಫರ್ಸಿ ಹಾಸು ನಿಲ್ಲಿಸಿ ಕಟ್ಟಿದ ತೊಟ್ಟಿ ಒಂದಿತ್ತು. ಎಮ್ಮೆ ಹೋಗಿ ಎಷ್ಟೋ ವರ್ಷ. ಅದನ್ನೇ ಸಮುದ್ರ ಮಾಡುವುದೆಂದು ಠರಾವಾಯಿತು.

ಮರಳಿಗೆ ಕಾಕಾ ರಾವೂರ ಕಡೆಯಿಂದ ಕ್ರಶರ್ ಪುಡಿ ತರಿಸಿದರು. ಉಪ್ಪಿಗೆ ನಾನು ಕಿರಾಣಿ ಅಂಗಡಿಗೆ ಹೋದೆ. ಅಷ್ಟು ಹರಳುಪ್ಪು ಕೇಳಿದಾಗ ಅಂಗಡಿಯವರು ತಕ್ಕಡಿ ಕೆಳಗಿಟ್ಟರು.

"ಉಪ್ಪಿನಕಾಯಿ ಹಾಕ್ಲಿಕತ್ತೀರೇನು? ಈಗ ಮಾವಿನಕಾಯಿ ಎಲ್ಲಿ ಅವ?"

"ಇಲ್ರಿ, ಸಮುದ್ರ ಮಾಡ್ಲಿಕತ್ತೀವಿ."

"ಹಂಗಾದ್ರ ಸಣ್ಣುಪ್ಪ ಒಯ್ರಿ, ಲಗೂ ಕರಗ್ತದ," ಎಂದರು ಅವರು, ಇದು ದಿನಾ ಬರುವ ಗಿರಾಕಿ ಎಂಬಂತೆ.

ಲೀಟರಿಗೆ ಸುಮಾರು ಮೂವತ್ತೈದು ಗ್ರಾಂ ಎಂದು ನಾನು ಲೆಕ್ಕ ಹಾಕಿಕೊಂಡು ಬಂದಿದ್ದೆ. ಆದರೆ ಕಾಕು ನನ್ನ ಲೆಕ್ಕವನ್ನು ಕಾಲಕಸ ಮಾಡಿ ತೊಟ್ಟಿಯ ನೀರಿಗೆ ಬೆರಳು ಅದ್ದಿ ನೆಕ್ಕಿದಳು. ಹೋದ ವರ್ಷ ಒಂದು ತೆರೆ ನೇರ ಆಕೆಯ ಬಾಯಿಗೇ ನುಗ್ಗಿತ್ತಂತೆ.

"ಇನ್ನಾ ಸಪ್ಪಗದ. ಸಮುದ್ರ ಹಿಂಗಿರ್ಲಿಲ್ಲ. ಇನ್ನೆರಡು ಮುಷ್ಟಿ ಹಾಕು."

ಎರಡು ಮುಷ್ಟಿ ಹಾಕಿದ ಮೇಲೆ ಮತ್ತೆ ನೆಕ್ಕಿ, ಮುಖ ಕಿವುಚಿ, ತಲೆಯಾಡಿಸಿದಳು. "ಹಾಂ. ಇದು ಕಾರವಾರ."

ಮೊದಲ ಮಷಿನ್ ಬಂದದ್ದು ಚಿಂಚೋಳಿಯಿಂದ. ಹೊಲದಲ್ಲಿ ಹುಗಿದು ಮರೆತುಹೋದ ಕಬ್ಬಿಣದ ಪೈಪು ಹುಡುಕಿಕೊಡುವವರೊಬ್ಬರು ಅಲ್ಲಿದ್ದಾರೆ. ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಮೇಲೆ ಜೋಳದ ಕಣಿಕೆ ಹೊದಿಸಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು.

"ಹಿಂಗ್ಯಾಕ್ರಿ ಮುಚ್ಚಿ ತಂದೀರಿ?" ಎಂದೆ.

"ತೋರಿಸ್ಕೋತ ಬಂದ್ರ ಮುಗೀತು. ಮಳಖೇಡ ಸ್ಟಾಪಿನಾಗ ನಾಕು ಮಂದಿ ನನ್ನ ಸಂಗಟ ಇಳೀತಾರ, ನಿಧಿ ಎಲ್ಲದ ಅಂತ."

ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಮಷಿನ್ ಒಮ್ಮೆ ಕುಂಯ್ ಎಂದದ್ದೇ ತಡ, ಪಕ್ಕದ ಮನೆಯ ಗೋಡೆಯ ಮೇಲೆ ಎರಡು ತಲೆ ಮೂಡಿದವು. ತೊಟ್ಟಿಯಲ್ಲಿ ಏನೂ ಹುಗಿದಿರಲಿಲ್ಲ, ಆದರೂ ಅದು ಬಿಡದೆ ಚೀರುತ್ತಿತ್ತು. ನಾನು ವಿಜಯದ ನಗೆ ನಕ್ಕು, ಉಪ್ಪು ನೀರಿನ ಸಿದ್ಧಾಂತವನ್ನು ಮೂರು ಅಂಶಗಳಲ್ಲಿ ಎಲ್ಲರಿಗೂ ವಿವರಿಸಿದೆ. ಕಾಕಾ ಪೂರ್ತಿ ಕೇಳಿದರು. ಆಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ವಸ್ತ್ರದಲ್ಲಿ ಸುತ್ತಿ ತೊಟ್ಟಿಯ ಮರಳಲ್ಲಿ ಎರಡು ಸಲ ಎಳೆದು ಎತ್ತಿ ತೋರಿಸಿದರು. ವಸ್ತ್ರಕ್ಕೆ ಕಪ್ಪು ಮೀಸೆ ಬಂದಿತ್ತು. ಕ್ರಶರಿನ ಹಲ್ಲು ಸವೆದು ಉದುರಿದ ಕಬ್ಬಿಣ.

"ವಕೀಲ್ ಸಾಬ್ರ, ಸಮುದ್ರದಾಗ ಕ್ರಶರ್ ಪುಡಿ ಇರ್ತದೇನು?"

"ಪುಡಿ ತರಿಸಿದವರು ನೀವೇ ಅಲ್ರಿ!"

"ತರಿಸಿದ್ದು ನಾ. ಭಾಷಣ ಮಾಡಿದ್ದು ನೀ."

ಪುಡಿ ಹೊರಗೆ ಹಾಕಿದೆವು. ಮನೆ ಕಟ್ಟಿಸುವಾಗ ಉಳಿದಿದ್ದ ಕಾಗಿಣಾ ಹೊಳೆಯ ಮರಳನ್ನು ಗೋಡೆಯ ಮೇಲಿನ ತಲೆಗಳೇ ನಾಲ್ಕು ಬುಟ್ಟಿ ಕೊಟ್ಟವು. ಹೊಳೆ ಮರಳು ಒಣಗಿದ್ದಾಗ ಚಿಂಚೋಳಿಯ ಮಷಿನ್ ಶಾಂತವಾಗಿತ್ತು. ಕಾಕುವಿನ ಕಾರವಾರ ಹೊಯ್ದೊಡನೆ ಮತ್ತೆ ಚೀರಿತು. ಈ ಸಲ ಸಿದ್ಧಾಂತ ನನ್ನ ಪರವಾಗಿತ್ತು, ಆದರೆ ಕೇಳಲು ಯಾರೂ ಉಳಿದಿರಲಿಲ್ಲ.

ಮರಳು ಹಸಿಯಾಗುತ್ತಿದ್ದಾಗ ಕಾಕಾ ತೊಟ್ಟಿಯ ಫರ್ಸಿಯನ್ನು ಅಂಗೈಯಿಂದ ಸವರುತ್ತ ತಮ್ಮಷ್ಟಕ್ಕೆ ಅಂದರು: "ಈ ಕಲ್ಲೆಲ್ಲಾ ಮದ್ಲ ಸಮುದ್ರದ ತಳ ಇತ್ತಂತ. ಗಣಿ ಸಾಹೇಬರು ಯಾರೋ ನಮ್ಮಪ್ಪಗ ಹೇಳಿದ್ರು. 'ಜಿಂದಗಿ ಪೂರಾ ಅದರ ತಳಾನೇ ಒಡದೀನಿ, ಒಮ್ಮೆ ಅದರ ಮಾರಿ ನೋಡ್ಬೇಕು' ಅಂತಿದ್ದ ಅಪ್ಪ. ನೋಡ್ಲಿಲ್ಲ." ನಾನಾಗ ನೀರಿನ ಉಪ್ಪಿನ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಹೂಂ ಎಂದೆ.

ಎರಡನೆಯ, ಮೂರನೆಯ ಮಷಿನ್‌ಗಳನ್ನು ಹೈದರಾಬಾದಿನಿಂದ ವಾರದ ಬಾಡಿಗೆಗೆ ತಂದದ್ದು ಸೇಡಂನಲ್ಲಿರುವ ಕಾಕುವಿನ ತಮ್ಮ. ರೈಲಿನಿಂದ ಇಳಿದವನೇ, "ಅಕ್ಕಾ, ಕೀಲಿ ಬಂದ ಮ್ಯಾಲ ಮದ್ಲ ನನಗ ಒಂದು ಡಬ್ಬಿ ತುಪ್ಪ ತಗದು ಕೊಡ್ಬೇಕು ನೋಡು," ಎಂದು ಕರಾರು ಮಾಡಿಕೊಂಡ. ಒಂದು ಪಲ್ಸ್ ಮಷಿನ್, ಕಾಕಾನ ಪಕ್ಷ. ಇನ್ನೊಂದು ಹಲವು ಫ್ರೀಕ್ವೆನ್ಸಿಯದು, ನನ್ನ ಪಕ್ಷ. ಬಿಲ್ಲೆಯ ಬದಲಿಗೆ ಅದೇ ಗಾತ್ರದ ಹಿತ್ತಾಳೆ ಬೇಕಿತ್ತು. ಆಯಿಯ ಸುಣ್ಣದ ಡಬ್ಬಿಯ ಮುಚ್ಚಳ ಸರಿಹೊಂದಿತು. ಆಯಿ ಅದನ್ನು ಕೊಡುವಾಗ ಕಾಕುವಿನ ಮುಖ ನೋಡಿದಳು.

"ತಗೋರಿ, ಇದನ್ನೂ ಸಮುದ್ರಕ್ಕ ಹಾಕ್ರಿ. ಇಕಿ ಕೈಯಾಗ ಮಾತ್ರ ಕೊಡಬ್ಯಾಡ್ರಿ."

ಕಾಕುವಿನ ಕೈ ರೂಢಿಯಂತೆ ಸೊಂಟಕ್ಕೆ ಹೋಗಿ, ಖಾಲಿ ಜಾಗ ಮುಟ್ಟಿ, ವಾಪಸ್ ಬಂತು.

ಕಣ್ಣು ಮುಚ್ಚಿಕೊಂಡಿದ್ದ ನಮ್ಮಿಬ್ಬರಿಗೆ ತಿಳಿಯದಂತೆ ಕಾಕು ಮುಚ್ಚಳದ ಜೊತೆ ಹತ್ತು ಮೊಳೆ ಹುಗಿದಳು. ಕಾಕಾನ ಮಷಿನ್ ಉಪ್ಪಿನ ಮೇಲೆ ಮೌನವಾಗಿ, ಘನವಾಗಿ ಓಡಾಡಿತು. ಆದರೆ ಹನ್ನೊಂದು ಕಡೆ ಕೂಗಿತು. ಕಾಕಾ ಹನ್ನೊಂದು ಗುಂಡಿ ತೋಡಿದರು. ಹನ್ನೊಂದನೆಯದರಲ್ಲಿ ಮುಚ್ಚಳ. ಎಲ್ಲ ಮತ್ತೆ ಹುಗಿದ ಮೇಲೆ ನಾನು ಎರಡು ತೋಡಿದೆ. ಒಂದರಲ್ಲಿ ಕಾಕು ಈ ಸಲ ಹೊಸದಾಗಿ ಸೇರಿಸಿದ್ದ ಔಷಧಿ ಗುಳಿಗೆಯ ಹಾಳೆ, ಎರಡನೆಯದರಲ್ಲಿ ಮುಚ್ಚಳ. ನನ್ನ ಮಷಿನ್ನಿಗೆ ಆಳ ಸ್ವಲ್ಪ ಕಡಿಮೆ. ಹಿತ್ತಾಳೆಯ ಪಕ್ಕದಲ್ಲೇ ಮೊಳೆಯಿದ್ದರೆ ಕೆಲವೊಮ್ಮೆ ಎರಡನ್ನೂ ಕಡೆಗಣಿಸಬಹುದು. ಎದುರಾಳಿ ಕೇಳದ ಪ್ರಶ್ನೆಗೆ ಉತ್ತರಿಸಬಾರದೆಂದು ಚರ್ಚಾ ಸ್ಪರ್ಧೆಯಲ್ಲಿ ಕಲಿಸಿದ್ದರು. ನಾನು ಉತ್ತರಿಸಲಿಲ್ಲ.

ತೀರ್ಪು ಆಯಿಯದು. "ಇಕಿದೇ ಒಯ್ರಿ," ಎಂದಳು ನನ್ನ ಮಷಿನ್ ತೋರಿಸಿ. "ಹನ್ನೊಂದು ಗುಂಡಿ ತೋಡೋದಕ್ಕ ಮಷಿನ್ ಯಾಕ ಬೇಕು? ಗುದ್ದಲಿ ಸಾಕು."

ಕಾಕಾನಿಗೆ ಬೇಸರವಾಯಿತು. ಸೋತ ಬೇಸರ ನನಗೆ ಗೊತ್ತು, ಎಷ್ಟೋ ಮುಖಗಳ ಮೇಲೆ ನೋಡಿದ್ದೇನೆ. ಇದು ಆ ಜಾತಿಯದಾಗಿರಲಿಲ್ಲ. "ಅದು ಸಿಕ್ಕೇ ಸಿಗ್ತದೇನು ಹಂಗಾದ್ರ?" ಎಂದು ನನ್ನನ್ನು ಕೇಳಿದರು.

"ಜಾಗಾ ಸರಿ ಹೇಳಿದ್ರ ಸಿಗಬಹುದು. ಎಲ್ಲಿ ಬಿತ್ರಿ?"

"ಅಲ್ಲೇ. ದಂಡಿಮ್ಯಾಗ."

"ದಂಡಿ ಉದ್ದ ಅದ ಕಾಕಾ."

"ಚಹಾದಂಗಡಿ ಕಡೀಗೆ." ಮಾರನೆಯ ದಿನ ಕೇಳಿದಾಗ ಅದು ದೋಣಿಯ ಕಡೆಗೆ ಆಯಿತು. ಅದರ ಮಾರನೆಯ ದಿನ ತೆಂಗಿನಮರದ ಕಡೆಗೆ. ವಸ್ತ್ರಕ್ಕಂಟಿದ ಕಬ್ಬಿಣದ ಪುಡಿ ನೋಡಿ ಅದು ಕ್ರಶರಿನ ಯಾವ ಭಾಗದ್ದೆಂದು ಹೇಳಬಲ್ಲ ಮನುಷ್ಯನಿಗೆ ಬಿಲ್ಲೆ ಬಿದ್ದ ಜಾಗ ಮಾತ್ರ ದಿನಕ್ಕೊಂದು. ನಾನು ಬಸ್ಸಿನಲ್ಲಿ ಹೋಗಿದ್ದ ಓಣಿಯವರ ಬಳಿ ಅಂದಿನ ಫೋಟೋಗಳನ್ನೆಲ್ಲ ಬೇಡಿ ತರಿಸಿಕೊಂಡೆ. ಒಂದರಲ್ಲಿ ಕಾಕು ಇದ್ದಳು, ಹಿಂದೆ ಮಗುಚಿ ಹಾಕಿದ ನೀಲಿ ದೋಣಿ ಇತ್ತು. ಜಾಗ ಸಿಕ್ಕಿತಲ್ಲ, ಸಾಕೆಂದು ಫೋನು ಜೇಬಿಗೆ ಹಾಕಿದೆ.

ಹೀಗೆ ನಾವು ಮೂವರು, ಕಾಕಾ, ಕಾಕು, ನಾನು, ಮಷಿನ್ ಹೊತ್ತು ಸಮುದ್ರಕ್ಕೆ ಹೋದೆವು. ಬೆಳಗಿನ ಇಳಿತದ ಹೊತ್ತು, ಹಸಿ ಮರಳು ದೂರದವರೆಗೆ ಬಿಚ್ಚಿಕೊಂಡಿತ್ತು. ನೀಲಿ ದೋಣಿ ಒಂದು ವರ್ಷದಿಂದ ಮೈ ಹೊರಳಿಸದೆ ಅಲ್ಲೇ ಇತ್ತು. ಮಷಿನ್ ಒಳ್ಳೆಯ ವಿದ್ಯಾರ್ಥಿಯಂತೆ ವರ್ತಿಸಿತು. ನಿಜವಾದ ಉಪ್ಪು ನೀರು ಮೇಲೆ ಹಾಯ್ದರೂ ಚೀರಲಿಲ್ಲ. ಅದು ಸದ್ದು ಮಾಡಿದ ಕಡೆಯಲ್ಲೆಲ್ಲ ಕಾಕು ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ಎರಡೂ ಕೈಯಿಂದ ತೋಡಿದಳು. ಸಿಕ್ಕದ್ದು: ಒಂದು ಸ್ಟೀಲ್ ಚಮಚ, ಆಟಿಕೆ ಕಾರಿನ ಅಚ್ಚು, ಮೀನು ಬಲೆಯ ಸೀಸದ ಗುಂಡುಗಳು, ಯಾರದೋ ಬೆಲ್ಟಿನ ಬಕಲ್. ಪ್ರತಿ ಸಲವೂ ಆಕೆ ಅದನ್ನು ತೆರೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಬಿಲ್ಲೆಯಲ್ಲವೆಂದು ಖಾತ್ರಿ ಮಾಡಿಕೊಂಡೇ ಬಿಡುತ್ತಿದ್ದಳು. ಚಮಚವನ್ನು ಕೂಡ.

"ಏನ್ರಿ, ಹಂಗ ಕಲ್ಲು ಕುಂತಂಗ ಕುಂತೀರಿ! ಜರಾ ನೆಪ್ಪ ಮಾಡ್ಕೊಂಡು ಹೇಳ್ರಿ, ಎಲ್ಲಿ ನಿಂತಿದ್ದೆ ನಾ?" ಎಂದು ಕಾಕಾನ ಕಡೆ ಕೂಗಿದಳು.

ದೋಣಿಯ ನೆರಳಲ್ಲಿ ಕುಳಿತಿದ್ದ ಕಾಕಾ ಕೈ ಎತ್ತಿದರು. ಆ ಕೈ ಎಡಕ್ಕೂ ಬಲಕ್ಕೂ ಹೊರಳಿ, ಕೊನೆಗೆ ಆಕಾಶದ ಕಡೆಗೆ ತೋರಿಸಿ ನಿಂತಿತು.

ನಾನು ಫೋನು ತೆಗೆದೆ. ಕಾಕು ನಿಂತ ಜಾಗವನ್ನು ಸರಿಯಾಗಿ ಗುರುತಿಸಲು ಫೋಟೋವನ್ನು ದೊಡ್ಡದು ಮಾಡಿದೆ. ಮುಂದೆ ಕಾಕು, ನಗುತ್ತಿದ್ದಾಳೆ. ಒಂದು ಕೈಯಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಕಾಕಾನ ಚಪ್ಪಲಿ. ಅಂಗಿಯಿಲ್ಲ. ಹೆಗಲ ಮೇಲೂ ಇಲ್ಲ. ಆಕೆಯ ಹಿಂದೆ ದೋಣಿ. ದೋಣಿಯ ಹಿಂದೆ, ನಾನು ಇಷ್ಟು ದಿನ ನೋಡದೇ ಇದ್ದ ಕಡೆ, ಸೊಂಟದವರೆಗೆ ನೀರಿನಲ್ಲಿ ಒಬ್ಬ ಮನುಷ್ಯ, ಎಲ್ಲರಿಗೂ ಬೆನ್ನು ಮಾಡುತ್ತ ಅರ್ಧ ತಿರುಗಿ ನಿಂತಿದ್ದಾನೆ. ಮೈಮೇಲೆ ತೊಯ್ದ ಗೆರೆ ಗೆರೆಯ ಅಂಗಿ. ಬಲಗೈ ಮುಷ್ಟಿ ಕಟ್ಟಿ ಎದೆಯ ಹತ್ತಿರ ಇದೆ. ವರ್ಷವಿಡೀ ವಾದಗಳನ್ನು ಬಿಡಿಸಿ ನೋಡುವವಳು ನಾನು, ವಾರಗಟ್ಟಲೆ ಈ ಫೋಟೋದಲ್ಲಿ ದೋಣಿ ನೋಡಿದ್ದೆ.

ಕಾಕಾನ ಪಕ್ಕ ಹೋಗಿ ಕುಳಿತು ಫೋನು ಅವರ ಕೈಗೆ ಕೊಟ್ಟೆ. "ಕಾಕಾ, ಅಂಗಿ ನಿಮ್ಮ ಮೈಮ್ಯಾಗೇ ಅದಲ್ರಿ. ಕಾಕು ಝಾಡಿಸಿದ್ದು ಯಾವ ಅಂಗಿ?"

ಅವರು ಎರಡು ಬೆರಳಿಂದ ಫೋಟೋ ಹಿಗ್ಗಿಸಿದರು, ಕುಗ್ಗಿಸಿದರು, ಮತ್ತೆ ಹಿಗ್ಗಿಸಿದರು. ಸಮುದ್ರದ ಕಡೆ ಒಮ್ಮೆ ನೋಡಿದರು. ಫೋನು ವಾಪಸ್ ಕೊಡುತ್ತ, "ದೋಣಿ ಚಂದ ಬಂದದ," ಎಂದರು.

ಆಚೆ ತೆರೆಯ ಅಂಚಿನಲ್ಲಿ ಕಾಕು ಇನ್ನೊಂದು ಗುಂಡಿ ತೋಡುತ್ತಿದ್ದಳು. ಆ ದಿನ ನಾನು ಆಕೆಗೆ ಏನೂ ಹೇಳಲಿಲ್ಲ. ಅದು ನನ್ನ ಸಾಕ್ಷಿಯಲ್ಲ, ಕಾಕಾನದು. ಅವರೇ ಹೇಳಲಿ ಎಂದುಕೊಂಡೆ. ಮಷಿನ್ ಹೈದರಾಬಾದಿಗೆ ವಾಪಸಾಯಿತು. ತೊಟ್ಟಿಯ ಉಪ್ಪು ಒಣಗಿ ಫರ್ಸಿಗೆ ಬೆಳ್ಳಗೆ ಅಂಟಿಕೊಂಡಿದೆ. ತಪ್ಪು ಮಷಿನ್ ತಂದೆನೆಂಬ ಮಾತನ್ನು ಮದುವೆ ಮುಂಜಿಗಳಲ್ಲಿ ನಾನು ನಗುತ್ತಲೇ ಕೇಳಿಸಿಕೊಳ್ಳುತ್ತೇನೆ. ಆದರೆ ಕೀಲಿ ಇನ್ನೂ ಆಯಿಯ ಸೆರಗಿನಲ್ಲಿದೆ, ಮೊನ್ನೆಯೂ ಕಾಕು ಸಕ್ಕರೆಗಾಗಿ ಮಂಚದ ಮುಂದೆ ನಿಂತಿದ್ದನ್ನು ನಾನು ನೋಡಿದೆ. ಬಿಲ್ಲೆಯನ್ನು ತಾನೇ ತೆರೆಗೆ ಬಿಟ್ಟು ಅಪ್ಪನಿಗೆ ಸಮುದ್ರ ತೋರಿಸಿದ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಮುಚ್ಚಲು ಒಂದು ಅಂಗಿ ಹುಟ್ಟಿಸಿ ಹೆಂಡತಿಯ ಕೈಗೆ ಕೊಟ್ಟ ಗಂಡನ ಮೇಲೆ ಇದೆ.

ನಾನು ಬರೆದದ್ದು ಅಚ್ಚಾದಾಗಲೆಲ್ಲ ಆಯಿಗೆ ಗಟ್ಟಿಯಾಗಿ ಓದಿ ಹೇಳುವವಳು ಕಾಕು. ಕಾಕಾ, ಅದು ನಿಮಗೂ ಗೊತ್ತು. ಹೇಳ್ರಿ, ಇದು ಕಾಕು ಕೈಗೆ ಸಿಗೋದಕ್ಕಿಂತ ಮದ್ಲ ನೀವೇ ಆಯಿ ಮಂಚದ ಮುಂದ ಹೋಗಿ ನಿಂದರ್ತೀರೋ, ಇಲ್ಲಾ ಇದನ್ನೂ ಆಕಿ ಬಾಯಿಂದಲೇ ಹೇಳಿಸ್ತೀರೋ?